ಪಕ್ಕದ ಮನೆಯ ಕಷ್ಟಕ್ಕೆ ಅಂಕ

ನಗರಸಭೆಯ ಕಾಗದ ಬಂದಾಗ ವರ್ಸಿತಿ ತೊರಕೆ ಮೀನಿಗೆ ಹೊಗೆ ಹಾಕುತ್ತಿದ್ದಳು. ಓದಿದಳು. ಕಣ್ಣಿಗೆ ಹೊಗೆ ಹೋಗಿ ತಪ್ಪು ಓದಿದೆನೇನೋ ಅಂತ ಬೆಳಕಿಗೆ ಬಂದು ಇನ್ನೊಂದು ಸಲ ಓದಿದಳು. ತಪ್ಪೇನೂ ಓದಿರಲಿಲ್ಲ. ಪಸಿರನ್ ಓಣಿಯವರು ಸರ್ಕಾರದ ದುಡ್ಡಿನಲ್ಲಿ ಮನೆ ಕಟ್ಟಿಕೊಳ್ಳಲು ಹಾಕಿದ್ದ ಅರ್ಜಿ ನಪಾಸಾಗಿತ್ತು.

ನಪಾಸಾಗಿದ್ದು ಯಾವುದರಲ್ಲಿ ಅಂತೀರಿ? ಜಾಗದಲ್ಲಲ್ಲ. ಹಳೇ ಐಸ್ ಕಾರ್ಖಾನೆಯ ಜಾಗ, ಸಮುದ್ರಕ್ಕೂ ಹತ್ತಿರ, ನೀರೂ ಏರದಷ್ಟು ಎತ್ತರ, ಅದಕ್ಕೆ ಪೂರಾ ಅಂಕ. ನಕ್ಷೆಗೂ ಒಳ್ಳೇ ಅಂಕ. ಒಗ್ಗಟ್ಟಿಗಂತೂ ಕೇಳಲೇಬೇಡಿ. ಕೊನೆಯಲ್ಲಿ ‘ವಸತಿಯ ಅಗತ್ಯ’ ಅಂತ ಒಂದು ಕಲಮು ಇತ್ತು ನೋಡಿ, ಅದರಲ್ಲಿ ಮೂವತ್ತಕ್ಕೆ ಆರು! ಕೆಳಗೆ ಷರಾ: “ನಿವಾಸಿಗಳಿಗೆ ಈಗಿನ ಮನೆಗಳಲ್ಲಿ ಯಾವ ತೊಂದರೆಯೂ ಇಲ್ಲ. ಎಲ್ಲರೂ ಸಂತೋಷವಾಗಿದ್ದಾರೆ.”

“ಸಂತೋಷವಾಗಿದ್ದಾರಂತೆ, ಸಂತೋಷ! ಇವರ ಬಾಯಿಗಿಷ್ಟು ಮಣ್ಣು ಹಾಕ!” ಅಂತ ವರ್ಸಿತಿ ಕಿರುಚಿದಳು. ಬೈದದ್ದು ಅಧಿಕಾರಿಯನ್ನಲ್ಲ, ಓಣಿಯವರನ್ನು.

ಆ ಓಣಿ ಎಂಥದ್ದು ಅಂತ ಜಾವಾದ ಸೆಮಾರಂಗ್ ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ನೆಲ ವರ್ಷ ವರ್ಷ ಕುಸಿಯುತ್ತೆ, ಸಮುದ್ರ ಉಬ್ಬಿದಾಗೆಲ್ಲ ನೀರು ಹೇಳದೆ ಕೇಳದೆ ಒಳಗೆ ಬಂದು ಮಂಚದ ಕೆಳಗೆ ಕೂರುತ್ತೆ. ಜನ ಲೋಡುಗಟ್ಟಲೆ ಮಣ್ಣು ಹೊಡೆಸಿ ನೆಲ ಎತ್ತರಿಸುತ್ತಾರೆ. ನೆಲ ಏರುತ್ತೆ, ಛಾವಣಿ ಇದ್ದಲ್ಲೇ ಇರುತ್ತೆ. ಹೀಗೆ ಏರಿಸಿ ಏರಿಸಿ ಈಗ ಕಿಟಕಿಗಳು ಮೊಣಕಾಲಿಗೆ ಬಂದಿವೆ, ಬಾಗಿಲಲ್ಲಿ ನಡು ಬಗ್ಗಿಸದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಫ್ಯಾನುಗಳನ್ನು ಎಂದೋ ಬಿಚ್ಚಿಟ್ಟರು, ಇಲ್ಲದಿದ್ದರೆ ತಲೆ ಉಳಿಯುತ್ತಿರಲಿಲ್ಲ. ಈ ವರ್ಷದ ಕೊನೆಗೆ ಸಮುದ್ರಕ್ಕೆ ತಡೆಗೋಡೆ ಕಟ್ಟಲು ಓಣಿ ಖಾಲಿ ಮಾಡಿಸುವುದಂತೂ ಖಾತ್ರಿ. ಅರ್ಜಿ ಪಾಸಾದರೆ ಓಣಿಗೆ ಓಣಿಯೇ ಐಸ್ ಕಾರ್ಖಾನೆಯ ಜಾಗಕ್ಕೆ ಹೋಗುತ್ತೆ. ಇಲ್ಲವಾದರೆ ಗುಡ್ಡದಾಚೆಯ ಸರ್ಕಾರಿ ಕಟ್ಟಡಗಳಲ್ಲಿ ಚೀಟಿ ಎತ್ತಿದ ಕಡೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಐದನೇ ಮಹಡಿಯಲ್ಲಿ ಕೂತು ಮೀನಿಗೆ ಹೊಗೆ ಹಾಕುವುದಕ್ಕೆ ಯಾರು ಬಿಡುತ್ತಾರೆ? ಗಂಡ ತೀರಿಕೊಂಡ ಮೇಲೆ ವರ್ಸಿತಿಗೆ ಹೊಟ್ಟೆ ಹೊರೆಯಲು ಗೊತ್ತಿದ್ದದ್ದು ಆ ಒಂದೇ ಕಸುಬು.

ಅವಳು ಓಣಿಯ ಆರ್‌ಟಿ. ಅಂದರೆ ಓಣಿಯ ಯಜಮಾನಿ. ಸಂಬಳ ಇಲ್ಲ, ಬೈಗುಳ ಧಾರಾಳ. ಅರ್ಜಿ ಬರೆಸಿದವಳು ಅವಳು, ನಗರಸಭೆಗೆ ಚಪ್ಪಲಿ ಸವೆಸಿದವಳೂ ಅವಳೇ.

ಮನೆ ಮನೆ ನೋಡಿ ಅಂಕ ಹಾಕಲು ಬಂದಿದ್ದವನು ಬೊನಾರ್ ಅಂತ ಒಬ್ಬ ಅಧಿಕಾರಿ. ಸುಮಾತ್ರದ ಬಾತಕ್ ಸೀಮೆಯವನು, ವರ್ಗವಾಗಿ ಬಂದು ಇನ್ನೂ ಹೊಸದು. ಆಳೂ ದೊಡ್ಡದು, ದನಿಯೂ ದೊಡ್ಡದು, ಹೊಟ್ಟೆಯಲ್ಲಿದ್ದದ್ದೇ ಬಾಯಲ್ಲಿ. ಅವರ ಊರಲ್ಲಿ ಅನ್ನ ತಣ್ಣಗಿದ್ದರೆ ತಣ್ಣಗಿದೆ ಅಂತಲೇ ಹೇಳುತ್ತಾರೆ. ಇಲ್ಲಿ ಹಾಗಲ್ಲವಲ್ಲ. ಜಾವಾದವರಿಗೆ ಬಂದ ಅತಿಥಿಯ ಮುಂದೆ ತಮ್ಮ ಕಷ್ಟ ತೆಗೆದಿಡುವುದೆಂದರೆ ಅವನ ತಲೆಯ ಮೇಲೆ ಮೂಟೆ ಹೊರಿಸಿದ ಹಾಗೆ. ಮಾನವಂತರು ಮಾಡುವ ಕೆಲಸವೇ ಅದು? ಅಧಿಕಾರಿಗೋ, ನಿವಾಸಿಗಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು ಅಂತ ಕಾನೂನು.

ಮೊದಲು ಹೊಕ್ಕಿದ್ದು ಕರ್ಸೊ ಅಜ್ಜನ ಮನೆ. ಒಳಗೆ ಹೋಗುವಾಗಲೇ ಬಾಗಿಲ ಪಟ್ಟಿ ಬೊನಾರನ ಹಣೆಗೆ ಫಟ್ಟೆಂದು ಬಡಿಯಿತು. ಬಾಗಿಲಿನ ಪರವಾಗಿ ಅಜ್ಜ ಕೈ ಮುಗಿದು ಕ್ಷಮೆ ಕೇಳಿದ.

“ಏನಜ್ಜಾ, ಈ ಮನೇಲಿ ಏನು ತೊಂದರೆ?” ಅಂತ ಬೊನಾರ್ ಹಣೆ ಉಜ್ಜಿಕೊಳ್ಳುತ್ತ ಕೇಳಿದ.

“ಏನೂ ಇಲ್ಲ ಪಾಕ್. ದೇವರು ಚೆನ್ನಾಗಿಟ್ಟಿದ್ದಾನೆ.”

ಪಾಕ್ ಅಂದರೆ ಸ್ವಾಮಿ, ಯಜಮಾನರೇ ಅಂತ. ಅಜ್ಜ ಇದನ್ನು ಹೇಳುವಾಗ ನೀರು ಹಿಮ್ಮಡಿ ಮುಚ್ಚಿತ್ತು, ಅಜ್ಜನ ಒಂಟಿ ಚಪ್ಪಲಿ ಅಧಿಕಾರಿಯ ಮುಂದೆಯೇ ತೇಲಿಕೊಂಡು ಅಡಿಗೆಮನೆ ಕಡೆ ಹೊರಟಿತ್ತು. ಬೊನಾರ್ ಚಪ್ಪಲಿ ನೋಡಿದ, ಅಜ್ಜನ ಮುಖ ನೋಡಿದ. ‘ಏನೂ ಇಲ್ಲ’ ಅಂತ ಬರೆದುಕೊಂಡ.

ಮುಂದಿನ ಮನೆ ತುಕಿಯೆಮ್‌ಳದು. ತೆಂಪೆ, ಅಂದರೆ ಸೋಯಾ ಕಾಳಿನ ಬಿಲ್ಲೆ, ಕರಿದು ಮಾರುವ ಹೆಂಗಸು, ಸಂತೆಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಅಧಿಕಾರಿಯ ಮುಂದೆ ಮಾತ್ರ, “ಅಯ್ಯೋ, ನೀವು ಬಂದದ್ದೇ ದೊಡ್ಡದು, ತೊಂದರೆ ಎಲ್ಲಿಂದ ಬರಬೇಕು? ಟೀ ಕುಡೀರಿ” ಅಂದಳು. ಎಲ್ಲ ಮನೆಯಲ್ಲೂ ಟೀ ಆಯಿತು, ಯಾವ ಮನೆಯಲ್ಲೂ ತೊಂದರೆ ಸಿಗಲಿಲ್ಲ. ಕೊನೆಗೆ ವರ್ಸಿತಿಯನ್ನು ಕೇಳಿದರೆ ಅವಳೂ, “ನಮ್ಮದು ಬಿಡಿ ಪಾಕ್, ನಮ್ಮದು ಚೆನ್ನಾಗೇ ಇದೆ, ಓಣಿಯವರದ್ದು ನೋಡಿ” ಅಂದುಬಿಟ್ಟಿದ್ದಳು. ಈಗ ಕಾಗದ ಹಿಡಿದು ನಿಂತಾಗ ಅದು ನೆನಪಾಗಿ ತನ್ನ ಬಾಯಿಗೂ ಇಷ್ಟು ಮಣ್ಣು ಸೇರಿಸಿಕೊಂಡಳು.

ಮರುದಿನವೇ ನಗರಸಭೆಗೆ ಹೋಗಿ ಕೂತಳು. ಮೇಲ್ಮನವಿಗೆ ಅವಕಾಶ ಇತ್ತು. ಬೊನಾರ್ ಇನ್ನೊಂದು ಸಲ ಬಂದು ನೋಡಲು ಒಪ್ಪಿದ. “ಆದರೆ ಬು, ನಾನು ಕಣ್ಣಲ್ಲಿ ಕಂಡಿದ್ದಕ್ಕೆ ಆರೇ ಅಂಕ, ಅದನ್ನ ಪೂರಾ ಕೊಟ್ಟಿದ್ದೀನಿ, ಉಳಿದದ್ದೆಲ್ಲ ಅವರು ಹೇಳಿದ್ದಕ್ಕೆ. ಹೇಳದಿದ್ರೆ ನಾನೇನು ಮಾಡ್ಲಿ? ನಮ್ಮೂರಲ್ಲಾದ್ರೆ ನಾನು ಜೀಪಿಂದ ಇಳಿಯೋಕೆ ಮುಂಚೆನೇ ಬೈದು ಬೈದು ಹೇಳಿರೋರು” ಅಂದ. ಅವಳನ್ನು ಅವನು ಬು ಅಂತ, ಅಂದರೆ ಅಮ್ಮಾ ಅಂತ ಕರೆಯುತ್ತಿದ್ದ, ಆದರೆ ಆ ದನಿಗೆ ಕಚೇರಿಯ ಬೆಕ್ಕು ಎದ್ದು ಓಡಿತು.

ಸರಿ, ಕಲಿಸದೆ ಬೇರೆ ದಾರಿಯಿಲ್ಲ. ಮಸೀದಿಯ ಜಗಲಿಯಲ್ಲಿ ಚಾಪೆ ಹಾಸಿ ವರ್ಸಿತಿ ಪಾಠಶಾಲೆ ತೆರೆದಳು. ಕಷ್ಟ ಹೇಳಿಕೊಳ್ಳುವ ಪಾಠಶಾಲೆ.

“ನಾನೇ ಅಧಿಕಾರಿ ಅಂದ್ಕೊಳ್ಳಿ. ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ, ತಿಳೀತಾ? ಹೇಳಜ್ಜಾ, ಮನೇಲಿ ಏನು ಕಷ್ಟ?”

ಕರ್ಸೊ ಅಜ್ಜ ಗಂಟಲು ಸರಿ ಮಾಡಿಕೊಂಡ. “ನೀರು ಬರುತ್ತೆ.”

“ಭೇಷ್! ಆಮೇಲೆ?”

“ಆಮೇಲೆ ಹೋಗುತ್ತೆ.”

“ಹೋಗೋದು ಯಾಕಜ್ಜಾ ಹೇಳ್ತೀಯ? ಬರೋದು ಮಾತ್ರ ಹೇಳು!”

“ಅದು ಸುಳ್ಳಾಗಲ್ವಾ ತಾಯಿ? ಸಮುದ್ರದ ಮೇಲೆ ಅಪವಾದ ಹಾಕ್ದಂಗಾಗುತ್ತೆ.”

ವರ್ಸಿತಿ ಹಲ್ಲು ಕಚ್ಚಿಕೊಂಡು ತುಕಿಯೆಮ್‌ಳ ಕಡೆ ತಿರುಗಿದಳು. “ನಿನ್ನ ಛಾವಣಿ ಸೋರುತ್ತಲ್ಲ, ಹೇಳು.”

“ಸೋರುತ್ತೆ… ಆದ್ರೆ ಮಳೆ ಬಂದಾಗ ಮಾತ್ರ ಪಾಕ್” ಅಂತ ತುಕಿಯೆಮ್ ನಾಚಿಕೊಂಡು ಸೆರಗಿಲ್ಲದ ಕಡೆ ಸೆರಗು ಹುಡುಕಿದಳು.

“ಮತ್ತಿನ್ನೇನು ಬಿಸಿಲಲ್ಲಿ ಸೋರುತ್ತಾ? ಅಯ್ಯೋ ನನ್ನ ಕರ್ಮವೇ!”

ಒಂದು ಸಂಜೆ ಪೂರ್ತಿ ಹೀಗೇ ಹೋಯಿತು. ಒಬ್ಬರ ಬಾಯಿಂದಲೂ ಒಂದು ನೆಟ್ಟನೆಯ ದೂರು ಹೊರಡಲಿಲ್ಲ. ವರ್ಸಿತಿ ತಲೆ ಮೇಲೆ ಕೈ ಹೊತ್ತು, “ಎದ್ದೇಳಿ, ಟೀ ಕುಡಿದು ಹಾಳಾಗಿ ಹೋಗಿ” ಅಂದಳು.

ಟೀ ಬಂತು. ಟೀ ಜೊತೆಗೆ ಬಾಯಿಯೂ ಬಿಚ್ಚಿತು.

“ಅಲ್ಲಾ, ನನ್ನದೇನು ದೊಡ್ಡದು ಬಿಡ್ರೇ” ಅಂತ ತುಕಿಯೆಮ್ ದನಿ ತಗ್ಗಿಸಿದಳು, “ಕರ್ಸೊ ಅಜ್ಜನ ಕಕ್ಕಸು ನೋಡಿದ್ದೀರಾ? ನೀರು ಏರಿದ್ರೆ ಒಳಗಿಂದ ಎಲ್ಲಾ ವಾಪಸ್ ಬರುತ್ತೆ. ಪಾಪ, ಅಜ್ಜ ಬೆಳಗಿನ ಜಾವ ಮಸೀದಿಗೆ ಬರೋದು ಬರೀ ನಮಾಜಿಗೆ ಅಂದ್ಕೊಂಡಿದ್ದೀರಾ?”

ಅತ್ತ ಗಂಡಸರ ಗುಂಪಿನಲ್ಲಿ ಕರ್ಸೊ ಅಜ್ಜ, “ತುಕಿಯೆಮ್ ಗಂಡ ರಾತ್ರಿ ಮಳೆ ಬಂದ್ರೆ ಹೆಂಡತಿ ತಲೆ ಮೇಲೆ ಕೊಡೆ ಹಿಡ್ಕೊಂಡು ಕೂರ್ತಾನೆ. ಕೂತಲ್ಲೇ ತೂಕಡಿಸ್ತಾನೆ, ಕೊಡೆ ವಾಲುತ್ತೆ, ಅವಳು ಎದ್ದು ಬೈತಾಳೆ” ಅಂತ ವಿವರವಾಗಿ ಹೇಳುತ್ತಿದ್ದ.

ವರ್ಸಿತಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವ ಜನ ಇವರು! ಇವರಿಗೆ ತಮ್ಮ ಕಷ್ಟ ಹೇಳು ಅಂತ ನಾನು ಯಾಕೆ ಗಂಟಲು ಹರಿದುಕೊಂಡೆ ಅಂತ ಒಳಗೇ ನಕ್ಕಳು.

ಬೆಳಗಾಗುತ್ತಲೇ ನಗರಸಭೆಯಲ್ಲಿ ಹಾಜರು. “ಪಾಕ್, ನಿವಾಸಿಗಳ ಮಾತಲ್ಲಿ ಅಂತ ಇದೆಯಲ್ಲ, ಯಾವ ಮನೆ ನಿವಾಸಿ ಅಂತ ಇದೆಯಾ?”

ಬೊನಾರ್ ಕಾನೂನಿನ ಪುಸ್ತಕ ಹಿಂದೆ ಮುಂದೆ ತಿರುವಿದ. ಇರಲಿಲ್ಲ. ಅವನು ಮೇಜು ಕುಟ್ಟಿ ನಕ್ಕ ನಗುವಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಆಮೇಲೆ ಗಂಭೀರವಾಗಿ ಒಂದು ಷರತ್ತು ಹಾಕಿದ: “ಯಾರೋ ದಾರಿಹೋಕರು ಹೇಳಿದ್ರೆ ಆಗಲ್ಲ. ಗೋಡೆಗೆ ಗೋಡೆ ತಾಗಿರೋ ಮನೆಯವರೇ ಹೇಳಬೇಕು. ಒಂದು ಮನೆ ಬಿಟ್ಟರೂ ಇಡೀ ಅರ್ಜಿ ಬಿದ್ದಂಗೆ.”

“ಆಗಲಿ ಪಾಕ್, ಆಗಲಿ” ಅಂತ ಹಿಗ್ಗಿ ಹಿಗ್ಗಿ ಮನೆಗೆ ಬಂದವಳಿಗೆ ಬಾಗಿಲಲ್ಲಿ ಕಾಲಿಡುವಾಗ ತನ್ನ ಮನೆಯ ಗೋಡೆ ನೆನಪಾಯಿತು. ಅವಳದು ಓಣಿಯ ಕಟ್ಟಕಡೆಯ ಮನೆ. ಆಚೆ ಬರೀ ಕೆಸರು. ಈಚೆ ತಾಗಿದ ಗೋಡೆ ಒಂದೇ, ಅದೂ ಬಿದಿರು ತಟ್ಟಿಯದು. ಆ ಗೋಡೆಯಾಚೆ ಕಮ್ಸಿನಾ.

ಕಮ್ಸಿನಾ ಬಲೆ ಹೆಣೆಯುವ ಹೆಂಗಸು, ಅವಳೂ ಒಂಟಿ. ಒಂದು ಕಾಲದಲ್ಲಿ ಇಬ್ಬರದೂ ಒಂದೇ ಒಲೆ ಅನ್ನುವಷ್ಟು ಸಲಿಗೆ. ಮಾತು ನಿಂತದ್ದು ಒಂದು ಲೋಡು ಮಣ್ಣಿನಿಂದ. ಒಬ್ಬರು ನೆಲ ಎತ್ತರಿಸಿದರೆ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ಮನೆಗೆ ನುಗ್ಗುತ್ತೆ. ಮೊದಲು ಮಣ್ಣು ಹೊಡೆಸಿದವಳು ವರ್ಸಿತಿ ಅಂತ ಕಮ್ಸಿನಾ, ಕಮ್ಸಿನಾ ಅಂತ ವರ್ಸಿತಿ. ಹಟಕ್ಕೆ ಬಿದ್ದು ಇಬ್ಬರೂ ಏರಿಸಿದ್ದೇ ಏರಿಸಿದ್ದು. ಕೊನೆಗೆ ಇಬ್ಬರ ಮನೆಗೂ ನೀರು ನುಗ್ಗಿತು, ಮಾತು ಮಾತ್ರ ನಿಂತುಹೋಯಿತು. ಈಗ ಬೀದಿಯಲ್ಲಿ ಎದುರಾದರೆ ಒಬ್ಬಳು ಆಕಾಶ ನೋಡುತ್ತಾಳೆ, ಇನ್ನೊಬ್ಬಳು ಚರಂಡಿ ನೋಡುತ್ತಾಳೆ.

“ಹೋಗಿ ಒಂದು ಮಾತು ಕೇಳ್ಕೊ ತಾಯಿ” ಅಂದ ಕರ್ಸೊ ಅಜ್ಜ.

“ಅವಳ ಹತ್ರ? ಸತ್ತರೂ ಇಲ್ಲ” ಅಂದಳು ವರ್ಸಿತಿ. ಆದರೆ ಅವಳೊಬ್ಬಳು ‘ಅವಳ ಮನೆ ಅರಮನೆ ಪಾಕ್’ ಅಂದರೆ ಮುಗಿಯಿತು, ಇಡೀ ಓಣಿ ಗುಡ್ಡದಾಚೆ.

ಅಧಿಕಾರಿ ಬರುವ ದಿನ ಬಂತು. ಈ ಸಲ ಬೊನಾರ್ ಬಾಗಿಲಿಗೆ ಬರುವ ಮುಂಚೆಯೇ ಬಗ್ಗಿದ್ದ, ಅಷ್ಟು ಜಾವಾ ಅವನಿಗೆ ಹತ್ತಿತ್ತು. ಕರ್ಸೊ ಅಜ್ಜನ ಮನೆ ಮುಂದೆ ನಿಂತು ತುಕಿಯೆಮ್‌ಳನ್ನು ಕೇಳಿದ. ಅಬ್ಬಬ್ಬಾ! ಕಟ್ಟೆ ಒಡೆದಂತೆ ಬಂತು ಮಾತು. ಕಕ್ಕಸು, ಗೋಡೆ, ಗೋಡೆಯೊಳಗಿನ ಏಡಿ, ಏಡಿ ಕಚ್ಚಿದ ಅಜ್ಜನ ಹೆಬ್ಬೆರಳು, ಒಂದೂ ಬಿಡಲಿಲ್ಲ. ಅಜ್ಜ ಪಕ್ಕದಲ್ಲಿ ನಿಂತು, “ಅಷ್ಟೇನಿಲ್ಲ ಪಾಕ್, ಸಣ್ಣ ಏಡಿ” ಅಂತ ಅಡ್ಡ ಬಂದರೆ ತುಕಿಯೆಮ್ ಗದರಿಸಿದಳು: “ಸುಮ್ನಿರಜ್ಜಾ, ನಿನ್ನ ಸರದಿ ಬಂದಾಗ ನನ್ನ ಮನೆ ಬಗ್ಗೆ ಹೇಳು!”

ಅಜ್ಜನ ಸರದಿ ಬಂತು. ಕೊಡೆಯ ಕಥೆ ಹೇಳಿ ಅಲ್ಲಿಗೆ ನಿಲ್ಲಲಿಲ್ಲ, ಆ ಗಂಡ ಹೊಡೆಯುವ ಗೊರಕೆಯ ಲೆಕ್ಕಕ್ಕೂ ಇಳಿದ. ಬೊನಾರ್ ಕೈ ಎತ್ತಿದ. “ಅಜ್ಜಾ, ಮನೆ ಬಗ್ಗೆ ಮಾತ್ರ! ಗಂಡನಿಗೆ ಅಂಕ ಇಲ್ಲ!” ಓಣಿ ಗೊಳ್ಳೆಂದಿತು. ಒಬ್ಬೊಬ್ಬರೂ ಪಕ್ಕದವರ ಕಷ್ಟವನ್ನು ತಮ್ಮ ಮಗಳ ಮದುವೆ ವರ್ಣಿಸಿದಷ್ಟು ಉಮೇದಿನಿಂದ ವರ್ಣಿಸಿದರು. ಬೊನಾರನ ಪೆನ್ನಿನ ಶಾಯಿ ಮುಗಿದು ಇನ್ನೊಂದು ಪೆನ್ನು ಬಂತು.

ಕೊನೆಗೆ ಓಣಿಯ ತುದಿ. ನಗು ತಾನಾಗಿ ನಿಂತಿತು. ವರ್ಸಿತಿ ತನ್ನ ಬಾಗಿಲಲ್ಲಿ ನಿಂತಿದ್ದಳು, ಹಿಂದೆ ಮುಂಗೋಣೆಯ ಟೈಲ್ಸ್ ಫಳಫಳ. ಕಮ್ಸಿನಾ ತನ್ನ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದವಳು ತಲೆ ಎತ್ತಲಿಲ್ಲ.

“ಬು ಕಮ್ಸಿನಾ, ಈ ಮನೆ ಹೇಗಿದೆ, ಹೇಳಿ” ಅಂದ ಬೊನಾರ್.

“ಯಾವ ಮನೆ? ಈ ಮಹಾರಾಣಿದಾ?” ಕಮ್ಸಿನಾ ಬಲೆ ಕೆಳಗೆ ಎಸೆದಳು. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ ಈ ಮನೆ. ಟೈಲ್ಸ್ ನೋಡಿ ಮೋಸ ಹೋಗ್ಬೇಡಿ. ಮುಂದಿನ ಕೋಣೆ ದಾಟಿ ಒಳಗೆ ಹೋಗಿ, ಹೋಗಿ! ಯಾರನ್ನಾದ್ರೂ ಒಳಗೆ ಬಿಟ್ಟಿದ್ದಾಳಾ ಇವಳು? ಅಡಿಗೆಮನೆ ಗೋಡೆ ಬಿದ್ದು ಎಷ್ಟು ಕಾಲ ಆಯ್ತೋ. ಎಲೆಕ್ಷನ್ ಬ್ಯಾನರ್ ಕಟ್ಕೊಂಡಿದ್ದಾಳೆ ಗೋಡೆ ಬದಲು. ಸೋತವನದ್ದು ಬೇರೆ!”

ವರ್ಸಿತಿಯ ಮುಖ ಕೆಂಡವಾಯಿತು. “ಏಯ್, ನಿನ್ನ—”

“ಸುಮ್ನಿರು! ನಿನ್ನ ಸರದಿ ಅಲ್ಲ ಇದು. ಬರ್ಕೊಳ್ಳಿ ಪಾಕ್. ಮಂಚದ ಕಾಲು ಕೊಳೆತು ಹೋಯ್ತು. ನೀರು ಬಂದ ರಾತ್ರಿ ಮೀನು ಕುಯ್ಯೋ ಮೇಜಿನ ಮೇಲೆ ಹತ್ತಿ ಕಾಲು ಮಡಚಿಕೊಂಡು ಕೂತೇ ಇರ್ತಾಳೆ, ಬೆಳಗಿನವರೆಗೂ. ಬೆಳಿಗ್ಗೆ ಎದ್ದು ಮುಖ ತೊಳ್ಕೊಂಡು ಓಣಿಯವರ ಕಷ್ಟ ವಿಚಾರಿಸೋಕೆ ಹೊರಡ್ತಾಳೆ, ದೊಡ್ಡ ಮನುಷ್ಯಳು! ಆ ಹೊಗೆ ಕುಡಿದು ಕುಡಿದು ಕೆಮ್ಮು ಬೇರೆ ಹಚ್ಕೊಂಡಿದ್ದಾಳೆ. ಒಬ್ಬರ ಹತ್ರ ಬಾಯಿ ಬಿಟ್ಟಿದ್ದಾಳಾ? ಬಿಡಲ್ಲ. ಸತ್ತರೂ ಬಿಡಲ್ಲ.”

ಕಮ್ಸಿನಾಳ ದನಿ ಒಮ್ಮೆಗೇ ಇಳಿಯಿತು.

“ನೀರು ಏರಿದ ರಾತ್ರಿ ನಾನು ಈ ಬಿದಿರು ತಟ್ಟಿಗೆ ಕಿವಿ ಇಟ್ಕೊಂಡು ಕೂರ್ತೀನಿ. ಕೆಮ್ಮಿದ್ರೆ, ಹಾ, ಇದ್ದಾಳೆ ಅಂತ ಮಲಗ್ತೀನಿ.”

ಬೊನಾರ್ ಕೂಡ ಮೊದಲ ಸಲ ದನಿ ತಗ್ಗಿಸಿ, “ಇದನ್ನೂ ಬರೀಲಾ?” ಅಂತ ಕೇಳಿದ.

“ಬರೀರಿ. ಅಂಕ ಬರೋ ಹಂಗಿದ್ರೆ ಬರೀರಿ.”

ವರ್ಸಿತಿಗೆ ನಾಚಿಕೆಯಾಯಿತು, ಸಿಟ್ಟು ಬಂತು. ಆ ಎರಡರ ಕೆಳಗಿನಿಂದ ಅಳು ಬಂತು. ಇಷ್ಟು ರಾತ್ರಿಗಳು ತಾನೊಬ್ಬಳೇ ಕೂತಿದ್ದೇನೆ ಅಂದುಕೊಂಡಿದ್ದಳಲ್ಲ. ಬೊನಾರ್ ಅವಳ ಕಡೆ ತಿರುಗಿ, “ಈಗ ನೀವು. ಬು ಕಮ್ಸಿನಾರ ಮನೆ ಹೇಗಿದೆ?” ಅಂದ.

“ಅವಳದಾ?” ವರ್ಸಿತಿ ಮೂಗು ಒರೆಸಿಕೊಂಡಳು. “ಅವಳ ಮನೇಲಿ ಒಣಗಿದ ಜಾಗ ಅಂತ ಇದ್ರೆ ಅದು ಬಲೆ ಇಡೋ ಅಟ್ಟ ಒಂದೇ. ಈ ವಯಸ್ಸಲ್ಲಿ ಏಣಿ ಹತ್ತಿ ಅಲ್ಲಿ ಮಲಗ್ತಾಳೆ. ಹೋದ ಮಳೆಗಾಲದಲ್ಲಿ ಕೆಳಗೆ ಬಿದ್ದಳು. ಧಡ್ ಅಂತ ಕೇಳಿಸ್ತು ನನಗೆ. ಯಾರಿಗೂ ಹೇಳಲಿಲ್ಲ ಗೂಬೆ. ಕರ್ಸೊ ಅಜ್ಜನ ಕೈಲಿ ನೋವಿನ ಎಣ್ಣೆ ಕಳಿಸಿದೆ, ಅಜ್ಜ ತನ್ನದು ಅಂತ ಹೇಳಿ ಕೊಟ್ಟ.”

ಕಮ್ಸಿನಾ ಗಕ್ಕನೆ ಅಜ್ಜನ ಕಡೆ ತಿರುಗಿದಳು. ಅಜ್ಜ ತೇಲಿ ಹೋಗುತ್ತಿದ್ದ ಏನನ್ನೋ ಹುಡುಕುವವನಂತೆ ನೆಲ ನೋಡತೊಡಗಿದ.

ಅರ್ಜಿ ಪಾಸಾಯಿತು. ‘ಅಗತ್ಯ’ದಲ್ಲಿ ಎಷ್ಟು ಅಂಕ ಬಂತೆಂದರೆ, ಇದು ನಿಜವೇ ಅಂತ ಮೇಲಿನ ಅಧಿಕಾರಿಯೇ ಬಂದು ನೋಡಿ, ಹಣೆ ಬಡಿಸಿಕೊಂಡು, ನಿಜ ಅಂತ ಸಹಿ ಹಾಕಿ ಹೋದ. ವಾರ ಕಳೆದ ಮೇಲೆ ಬೊನಾರ್ ನಕ್ಷೆ ತಂದು ಮಸೀದಿಯ ಜಗಲಿಯಲ್ಲಿ ಹಾಸಿದ. ಐಸ್ ಕಾರ್ಖಾನೆಯ ಜಾಗದಲ್ಲಿ ಸಾಲು ಮನೆಗಳು. ಈಗ ಯಾರು ಯಾರ ಪಕ್ಕ ಇದ್ದಾರೋ ಅಲ್ಲೂ ಹಾಗೆಯೇ. ಎತ್ತರದ ಬಾಗಿಲು, ಎದೆ ಮಟ್ಟಕ್ಕೆ ಕಿಟಕಿ, ಹಿಂದೆ ಮೀನಿಗೆ ಹೊಗೆ ಹಾಕಲು ಬೇರೆ ಜಾಗ.

“ಮನೆ ಮನೆ ಮಧ್ಯೆ ಒಳ್ಳೇ ದಪ್ಪ ಇಟ್ಟಿಗೆ ಗೋಡೆ” ಅಂತ ಬೊನಾರ್ ಹೆಮ್ಮೆಯಿಂದ ಹೇಳಿದ. “ಪಕ್ಕದ ಮನೇಲಿ ಡೋಲು ಬಡಿದ್ರೂ ಕೇಳಿಸಲ್ಲ. ಯಾರದಾದ್ರೂ ಆಕ್ಷೇಪಣೆ ಇದ್ರೆ ಈಗ್ಲೇ ಹೇಳ್ಬೇಕು, ನಾಳೆ ಅಂದ್ರೆ ಆಗಲ್ಲ.”

“ಏನೂ ಇಲ್ಲ ಪಾಕ್.” “ಚೆನ್ನಾಗಿದೆ ಪಾಕ್.” “ದೇವರು ದೊಡ್ಡವನು ಪಾಕ್.” ಜಗಲಿಯ ಉದ್ದಕ್ಕೂ ಅದೇ ಮಾತು. ಬೊನಾರ್ ನಗುತ್ತ ಪೆನ್ನಿನ ಮುಚ್ಚಳ ಹಾಕುತ್ತಿದ್ದ.

ಹಿಂದಿನ ಸಾಲಿನಲ್ಲಿ ಕಮ್ಸಿನಾ ಎದ್ದು ನಿಂತಳು. ಓಣಿ ಹುಟ್ಟಿದಾಗಿನಿಂದ ಯಾರೂ ಹೀಗೆ ಎದ್ದು ನಿಂತಿರಲಿಲ್ಲ. ಕರ್ಸೊ ಅಜ್ಜ ಗಾಬರಿಯಾಗಿ ಅವಳ ತೋಳು ಎಳೆದ.

“ನಂದೊಂದು ದೂರು ಇದೆ ಪಾಕ್. ಗೋಡೆ ಅಷ್ಟು ದಪ್ಪ ಬೇಡ.”

“ಯಾಕೆ ಬು?”

ಕಮ್ಸಿನಾ ಆಕಾಶ ನೋಡಿದಳು. ಎಲ್ಲರ ಕಣ್ಣೂ ಮುಂದಿನ ಸಾಲಿನಲ್ಲಿ ಕೂತಿದ್ದ ಆರ್‌ಟಿಯ ಮೇಲೆ ಬಿತ್ತು. ವರ್ಸಿತಿ ಹಿಂದೆ ತಿರುಗಿ ನೋಡಲಿಲ್ಲ.

“ಬರ್ಕೊಳ್ಳಿ ಪಾಕ್” ಅಂದಳು. “ನಂದೂ ಅದೇ ದೂರು.”